ರೂಮು ನುಂಗಿದ ಡೊಳ್ಳು

ಬಳ್ಳಾರಿಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ರೂಮಿದೆ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರವೂ 10 ಅಡಿ. ಸಿಮೆಂಟ್ ಗೋಡೆ, ಆರ್‌ಸಿಸಿ ಛಾವಣಿ, ಗ್ರಾನೈಟ್ ನೆಲ, ಒಂದು ಕಿಟಕಿ, ಮೂಲೆಯಲ್ಲಿ ಒಂದು ಕಬ್ಬಿಣದ ಬೀರು. ಸುತ್ತಲಿನ ಹಳ್ಳಿಗಳ ಭಜನಾ ಮೇಳದವರು, ಜಾತ್ರೆ ಹಾಡು ಮಾಡುವ ಹುಡುಗರು ರೆಕಾರ್ಡ್ ಮಾಡಿಕೊಂಡು ಬಂದದ್ದನ್ನು ನಾನು ಅಲ್ಲಿ ಕೂತು ಮಿಕ್ಸ್ ಮಾಡುತ್ತೇನೆ, ಅಂದರೆ ದನಿ, ವಾದ್ಯಗಳನ್ನು ಹದವಾಗಿ ಬೆರೆಸುತ್ತೇನೆ.

ಮೊದಮೊದಲು ಬಂದ ಕೆಲಸಗಳಲ್ಲಿ ಒಂದು ಡೊಳ್ಳಿನ ಪದ. ರಾತ್ರಿ ಕೂತು ಮಿಕ್ಸ್ ಮಾಡುತ್ತಿದ್ದೆ. ಎಷ್ಟು ಕೇಳಿದರೂ ಡೊಳ್ಳಿಗೆ ತೂಕವೇ ಇಲ್ಲ. ಫೇಡರ್ (ದನಿಯ ಮಟ್ಟದ ಜಾರುಪಟ್ಟಿ) ಏರಿಸಿದೆ. ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಈಕ್ಯೂನಲ್ಲಿ 60 ಹರ್ಟ್ಸ್ (ಸೆಕೆಂಡಿಗೆ 60 ಕಂಪನ) ಸುತ್ತ ಏರಿಸಿದೆ. ಇನ್ನೂ ಸ್ವಲ್ಪ ಏರಿಸಿದೆ. ಎರಡು ಗಂಟೆ ರಾತ್ರಿಗೆ ಡೊಳ್ಳು ಎದೆಗೆ ಬಡಿಯುವ ಹಾಗೆ ಕೇಳಿತು, ಸಮಾಧಾನವಾಯಿತು, ಮಲಗಿದೆ. ಬೆಳಿಗ್ಗೆ ಮೇಳದವರು ತಮ್ಮ ಗಾಡಿಯಲ್ಲಿ ಹಾಡು ಹಾಕಿದರು. ಗಾಡಿಯ ಬಾಗಿಲುಗಳೇ ಗುಂ ಅನ್ನತೊಡಗಿದವು. ಮೇಳದ ಹಿರಿಯರು ಸ್ವಲ್ಪ ಹೊತ್ತು ಕೇಳಿ, “ಏನ್ ತಮ್ಮಾ ಇದು? ಬರೇ ಡೊಳ್ಳೇ ಕೇಳ್ತೈತಿ, ಪದ ಎಲ್ಲಿ ಹೋತು?” ಎಂದರು. ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ಸ್ಪೀಕರೇ ಸರಿಯಿಲ್ಲ ಅಂದುಕೊಂಡೆ. ಗೆಳೆಯನ ದೊಡ್ಡ ಸ್ಪೀಕರ್ ತಂದು ಇಟ್ಟೆ. ಅದರಲ್ಲೂ ಅದೇ ಜಾಗದಲ್ಲಿ ಡೊಳ್ಳು ಮಾಯ. ಆಮೇಲೆ ಒಂದು ದಿನ ಹಾಡು ಓಡುತ್ತಿರುವಾಗ ಕುರ್ಚಿ ಬಿಟ್ಟೆದ್ದು ಬಾಗಿಲ ಹತ್ತಿರ ಹೋದೆ. ಅಲ್ಲಿ ಡೊಳ್ಳು ಗುಡುಗುತ್ತಿತ್ತು! ಬೀರಿನ ಬಾಗಿಲು ಸಣ್ಣಗೆ ನಡುಗುತ್ತಿತ್ತು. ಆರು ಅಡಿ ದೂರದ ನನ್ನ ಕುರ್ಚಿಗೆ ಬಂದರೆ ಏನೂ ಇಲ್ಲ. ಸ್ಪೀಕರ್ ಅದೇ, ಹಾಡು ಅದೇ, ಕಿವಿ ಅದೇ. ಬದಲಾದದ್ದು ನಾನು ನಿಂತ ಜಾಗ ಮಾತ್ರ.

ಇದು ಯಾಕೆ ಹೀಗೆ ಅನ್ನುವುದಕ್ಕೆ ಮನೆಯ ನೀರಿನ ತೊಟ್ಟಿ ನೋಡಿದರೆ ಸಾಕು. ನಮ್ಮ ಕಡೆ ನಲ್ಲಿ ನೀರು ದಿನಾ ಬರುವುದಿಲ್ಲ, ಹಾಗಾಗಿ ಬಹಳ ಮನೆಗಳಲ್ಲಿ ಒಂದು ಉದ್ದನೆಯ ಸಿಮೆಂಟ್ ತೊಟ್ಟಿ ಇದ್ದೇ ಇರುತ್ತದೆ. ಅದು ಅರ್ಧ ತುಂಬಿರುವಾಗ ಒಂದು ತಾಟನ್ನು ನೇರ ಹಿಡಿದು ನೀರನ್ನು ಹಿಂದೆ ಮುಂದೆ ತಳ್ಳಿ. ತಳ್ಳುವ ಲಯ ಸರಿಯಾಗಿ ಕೂತ ಕೂಡಲೇ ನೀರು ತಾನೇ ಜೋಲಿ ಹೊಡೆಯುತ್ತದೆ. ಈ ತುದಿ ಏರಿದರೆ ಆ ತುದಿ ಇಳಿಯುತ್ತದೆ. ಈಗ ನಡುವೆ ನೋಡಿ. ಅಲ್ಲಿ ನೀರಿನ ಮಟ್ಟ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಒಂದು ಬೇವಿನ ಎಲೆ ಹಾಕಿದರೆ ಅದು ಅತ್ತಿತ್ತ ಓಡಾಡುತ್ತದೆ ಅಷ್ಟೆ.

ರೂಮಿನ ಗಾಳಿಯೂ ಹೀಗೇ. ನೀರಿನ ಏರಿಳಿತದ ಜಾಗದಲ್ಲಿ ಇಲ್ಲಿ ಗಾಳಿಯ ಒತ್ತಡದ ಏರಿಳಿತ ಇರುತ್ತದೆ. ನಮ್ಮ ಕಿವಿ ಕೇಳುವುದು ಒತ್ತಡವನ್ನೇ. ಗೋಡೆಯ ಬಳಿ ಒತ್ತಡ ಜಾಸ್ತಿ ಏರಿಳಿಯುತ್ತದೆ, ಹಾಗಾಗಿ ಅಲ್ಲಿ ಬೇಸ್, ಅಂದರೆ ತಗ್ಗಿನ ಸ್ವರಗಳು, ಜೋರು. ನಡುವೆ ಒತ್ತಡ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ, ಹಾಗಾಗಿ ಅಲ್ಲಿ ಬೇಸ್ ಇಲ್ಲ. ಮೂಲೆಯಲ್ಲಿ ಎರಡು ಗೋಡೆ ಸೇರುವುದರಿಂದ ಅಲ್ಲಿ ಇನ್ನೂ ಜೋರು. ಇದನ್ನು ರೂಮ್ ಮೋಡ್ ಎನ್ನುತ್ತಾರೆ. ನಾನು ಕೂತಿದ್ದು ಸರಿಯಾಗಿ ರೂಮಿನ ನಟ್ಟ ನಡುವೆ.

ಯಾವ ಸ್ವರ ಹೀಗೆ ಜೋಲಿ ಹೊಡೆಯುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಶಬ್ದ ಒಂದು ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂತರೆ ಮೊದಲ ಮೋಡ್. ಅಂದರೆ 1130ರ ಅರ್ಧ 565ನ್ನು ಗೋಡೆಗಳ ನಡುವಿನ ಅಡಿಯಿಂದ ಭಾಗಿಸಿ. ನನ್ನ ರೂಮಿನ 12 ಅಡಿಗೆ 47 ಹರ್ಟ್ಸ್. 10 ಅಡಿಗೆ 56.5 ಹರ್ಟ್ಸ್. ಅಗಲ, ಎತ್ತರ ಎರಡೂ 10 ಅಡಿ ಇರುವುದರಿಂದ 56.5ರಲ್ಲಿ ಎರಡು ಮೋಡ್‌ಗಳು ಒಂದರ ಮೇಲೊಂದು ಕೂತಿವೆ. ಇವುಗಳ ಎರಡು ಪಟ್ಟು, ಮೂರು ಪಟ್ಟಿನಲ್ಲೂ ಮೋಡ್‌ಗಳು ಇರುತ್ತವೆ: 94, 113, 141 ಹೀಗೆ. ಕೀಬೋರ್ಡಿನ ಕೆಳಗಿನ ಎ ಸ್ವರಗಳಲ್ಲಿ ಒಂದು, ನಮ್ಮ ಹಾರ್ಮೋನಿಯಂನವರು ಬಿಳಿ ಆರು ಎನ್ನುತ್ತಾರಲ್ಲ ಅದು, 55 ಹರ್ಟ್ಸ್. ಬೇಸ್ ಗಿಟಾರ್ ನುಡಿಸುವವನು ಆ ಸ್ವರಕ್ಕೆ ಬಂದಾಗ ರೂಮಿನ ಒಂದು ಜಾಗದಲ್ಲಿ ಅದು ಗುಡುಗುತ್ತದೆ, ಇನ್ನೊಂದು ಜಾಗದಲ್ಲಿ ಅದು ಇರುವುದೇ ಇಲ್ಲ. ಅವನು ನುಡಿಸಿದ್ದು ಸಮನಾಗಿಯೇ ಇದ್ದರೂ ನಮಗೆ ಹಾಗೆ ಕೇಳುವುದಿಲ್ಲ.

ಸಣ್ಣ ರೂಮು, ಅದರಲ್ಲೂ ಚೌಕನೆಯ ರೂಮು, ಇದಕ್ಕೇ ಕಷ್ಟ. ದೊಡ್ಡ ಸಭಾಂಗಣದಲ್ಲೂ ಮೋಡ್‌ಗಳಿರುತ್ತವೆ, ಆದರೆ ಅಲ್ಲಿ ಅವು ತುಂಬ ಕೆಳಗೆ, ಒತ್ತೊತ್ತಾಗಿ ಇರುತ್ತವೆ. ಒಂದೊಂದೇ ಎದ್ದು ಕೇಳುವುದಿಲ್ಲ. ಹತ್ತು ಅಡಿಯ ರೂಮಿನಲ್ಲಿ ಅವು ಬಿಡಿಬಿಡಿಯಾಗಿ, ಡೊಳ್ಳು ಮತ್ತು ಬೇಸ್ ಇರುವ ಜಾಗದಲ್ಲೇ ಬಂದು ಕೂರುತ್ತವೆ. ಹತ್ತು ಬೈ ಹತ್ತು, ಹತ್ತು ಅಡಿ ಎತ್ತರದ ರೂಮು ನಿಮ್ಮದಾಗಿದ್ದು, ಮನೆಯಲ್ಲಿ ಬೇರೆ ರೂಮು ಸಿಗುವಂತಿದ್ದರೆ ಮೊದಲು ರೂಮು ಬದಲಿಸಿ.

ಇನ್ನೊಂದು ತೊಂದರೆ ಮೇಲಿನ ಸ್ವರಗಳದು. ಶಾಲೆಯ ಪ್ರವಾಸದಲ್ಲಿ ವಿಜಯಪುರದ ಗೋಲಗುಮ್ಮಟಕ್ಕೆ ಹೋಗಿ ಕೂಗು ಹಾಕಿದವರಿಗೆ ಪ್ರತಿಧ್ವನಿ ಅಂದರೇನು ಅಂತ ಹೇಳಬೇಕಿಲ್ಲ. ಅಲ್ಲಿ ನಮ್ಮ ಕೂಗು ದೂರ ಹೋಗಿ ತಡವಾಗಿ ಬರುತ್ತದೆ, ಬೇರೆಯಾಗಿ ಕೇಳುತ್ತದೆ. ಮನೆಯ ರೂಮಿನಲ್ಲೂ ಶಬ್ದ ಹಾಗೇ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಆದರೆ ಒಂದು ಅಡಿ ದಾಟಲು ಅದಕ್ಕೆ ಒಂದು ಮಿಲಿಸೆಕೆಂಡೂ ಬೇಡ. ಪಕ್ಕದ ಗೋಡೆಗೆ ತಾಗಿ ಬಂದದ್ದು ಸ್ಪೀಕರಿನಿಂದ ನೇರ ಬಂದದ್ದಕ್ಕಿಂತ ಮೂರು ನಾಲ್ಕು ಮಿಲಿಸೆಕೆಂಡು ಮಾತ್ರ ಹಿಂದೆ ಇರುತ್ತದೆ. ಕಿವಿ ಅದನ್ನು ಬೇರೆ ಮಾಡಲಾರದು, ಎರಡನ್ನೂ ಒಂದೇ ಶಬ್ದವಾಗಿ ತೆಗೆದುಕೊಳ್ಳುತ್ತದೆ. ಹಾಗೆ ಬೆರೆಯುವಾಗ ಕೆಲವು ಸ್ವರಗಳು ಸೇರಿ ಏರುತ್ತವೆ, ಕೆಲವು ಒಂದನ್ನೊಂದು ಹೊಡೆದು ಹಾಕುತ್ತವೆ. ಹಾಡುವವರ ದನಿ ಸ್ವಲ್ಪ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಎಡ ಬಲ ಯಾವುದು ಎಲ್ಲಿದೆ ಎನ್ನುವುದು ಮಸುಕಾಗುತ್ತದೆ.

ಖಾಲಿ ರೂಮಿನಲ್ಲಿ ಒಮ್ಮೆ ಚಪ್ಪಾಳೆ ಹೊಡೆದು ನೋಡಿ. ಕೊನೆಯಲ್ಲಿ ಟ್ರರ್ರ್ ಅಂತ ಒಂದು ಬಾಲ ಕೇಳಿದರೆ ಅದು ಎದುರುಬದುರು ಗೋಡೆಗಳ ನಡುವೆ ಶಬ್ದ ಚೆಂಡಿನ ಹಾಗೆ ಪುಟಿಯುತ್ತಿರುವುದು.

ಇದಕ್ಕೆಲ್ಲ ಮದ್ದು ಮೆತ್ತನೆಯ ವಸ್ತು ಎಂದು ಲೆಕ್ಕ ಹಾಕಿ ತೋರಿಸಿದವರು ವಾಲೇಸ್ ಕ್ಲೆಮೆಂಟ್ ಸೇಬೈನ್. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಯಾರು ಮಾತಾಡಿದರೂ ಅರ್ಥವಾಗುತ್ತಿರಲಿಲ್ಲ. ಒಂದು ಮಾತಿನ ಗುಂಗು ಐದು ಸೆಕೆಂಡಿಗೂ ಜಾಸ್ತಿ ಹೊತ್ತು ಉಳಿಯುತ್ತಿತ್ತು. ಅದನ್ನು ಸರಿ ಮಾಡುವ ಕೆಲಸ ಈ ಯುವ ಅಧ್ಯಾಪಕರಿಗೆ ಬಂತು. ಅವರು ಅಲ್ಲೇ ಇದ್ದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಅಷ್ಟಷ್ಟೇ ಹರಡಿ, ಆರ್ಗನ್ ವಾದ್ಯದ ಒಂದು ಕೊಳವೆ ಊದಿಸಿ, ಶಬ್ದ ಆರಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ಮೆತ್ತೆ ಹೆಚ್ಚಿದಂತೆ ಗುಂಗು ಕಮ್ಮಿಯಾಯಿತು. ರೂಮು ದೊಡ್ಡದಾದಷ್ಟೂ ಗುಂಗು ಜಾಸ್ತಿ, ಹೀರುವ ವಸ್ತು ಜಾಸ್ತಿಯಾದಷ್ಟೂ ಗುಂಗು ಕಮ್ಮಿ ಎಂಬ ಅವರ ಸೂತ್ರವನ್ನು ಈಗಲೂ ಬಳಸುತ್ತಾರೆ. 1900ರಲ್ಲಿ ತೆರೆದ ಬೋಸ್ಟನ್ ಸಿಂಫನಿ ಹಾಲ್ ಕಟ್ಟುವಾಗ ಸಲಹೆ ಕೊಟ್ಟವರೂ ಅವರೇ.

ನನಗೆ ಈ ಕಥೆ ಇಷ್ಟವಾಗಲು ಕಾರಣವಿದೆ. ಸೇಬೈನ್ ಬಳಸಿದ್ದು ಯಾವ ದುಬಾರಿ ವಸ್ತುವನ್ನೂ ಅಲ್ಲ, ಸೀಟಿನ ಮೆತ್ತೆ. ನಮ್ಮ ಮನೆಯ ಹತ್ತಿ ಗಾದಿಯೂ ಅದೇ ಜಾತಿಯದು. ಇನ್ನೊಂದು ವಿಷಯ: ಅವರು ಹೀರುವಿಕೆಗೆ ಅಳತೆಗೋಲಾಗಿ ಇಟ್ಟುಕೊಂಡದ್ದು ತೆರೆದ ಕಿಟಕಿ. ಕಿಟಕಿಯಿಂದ ಹೊರಗೆ ಹೋದ ಶಬ್ದ ವಾಪಸ್ ಬರುವುದಿಲ್ಲ, ಅಲ್ವಾ? ಅದಕ್ಕಿಂತ ಚೆನ್ನಾಗಿ ಹೀರುವುದು ಯಾವುದಿದೆ? ಆದರೆ ನಮ್ಮ ಓಣಿಯಲ್ಲಿ ಕಿಟಕಿ ತೆರೆದರೆ ಆಟೋ, ತರಕಾರಿ ಗಾಡಿ, ಎದುರು ಮನೆಯ ಟಿವಿ ಎಲ್ಲ ಒಳಗೆ ಬರುತ್ತವೆ.

ಮೆತ್ತನೆಯ ವಸ್ತು ಶಬ್ದವನ್ನು ಹೀರುವುದು ಹೇಗೆ ಎನ್ನುವುದು ಗೊತ್ತಾದರೆ ಏನನ್ನು ಎಲ್ಲಿ ಇಡಬೇಕು ಎಂಬುದು ತಾನೇ ತಿಳಿಯುತ್ತದೆ. ನಾರುಗಳ ಸಂದಿಯಲ್ಲಿ ಗಾಳಿ ಅತ್ತಿತ್ತ ಓಡಾಡುವಾಗ ಉಜ್ಜುತ್ತದೆ. ಆ ಉಜ್ಜಾಟದಲ್ಲಿ ಶಬ್ದದ ಶಕ್ತಿ ಇಷ್ಟೇ ಇಷ್ಟು ಶಾಖವಾಗಿ ಮುಗಿದು ಹೋಗುತ್ತದೆ. ಅಂದರೆ ಗಾಳಿ ಓಡಾಡುವ ಜಾಗದಲ್ಲಿ ನಾರು ಇರಬೇಕು. ಮತ್ತೆ ತೊಟ್ಟಿಗೆ ಬನ್ನಿ. ಗೋಡೆಗೆ ಅಂಟಿದ ನೀರು ಮೇಲೆ ಕೆಳಗೆ ಆಗುತ್ತದೆಯೇ ಹೊರತು ಹಿಂದೆ ಮುಂದೆ ಹೋಗಲಾರದು, ಗೋಡೆ ಅಡ್ಡ ಇದೆ. ಎಲೆ ಓಡಾಡಿದ್ದು ನಡುವೆ. ಹಾಗೆಯೇ ಗೋಡೆಗೆ ಒತ್ತಿ ಅಂಟಿಸಿದ ತೆಳು ಸ್ಪಂಜಿನಲ್ಲಿ ಕೆಳಗಿನ ಸ್ವರಗಳ ಗಾಳಿ ಹೆಚ್ಚುಕಮ್ಮಿ ಓಡಾಡುವುದೇ ಇಲ್ಲ. ಗಾಳಿ ಅತಿ ಹೆಚ್ಚು ಓಡಾಡುವುದು ಗೋಡೆಯಿಂದ ಕಾಲು ಅಲೆಯಷ್ಟು ದೂರದಲ್ಲಿ.

ಈಗ ಅಂಗಡಿಯಲ್ಲಿ ಸಿಗುವ ಒಂದು ಇಂಚಿನ ಕಪ್ಪು ಸ್ಪಂಜಿನ ಲೆಕ್ಕ ನೋಡಿ. ಒಂದು ಇಂಚು ಕಾಲು ಅಲೆ ಆಗಬೇಕಾದರೆ ಸ್ವರ 3400 ಹರ್ಟ್ಸ್ ಹತ್ತಿರ ಇರಬೇಕು. ಅದರ ಅರ್ಧದವರೆಗೂ ಸ್ವಲ್ಪ ಕೆಲಸ ಮಾಡೀತು. ಡೊಳ್ಳಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಾಲ್ಕೂ ಗೋಡೆಗೆ ಅದನ್ನು ಅಂಟಿಸಿದ ರೂಮುಗಳನ್ನು ನಾನು ನೋಡಿದ್ದೇನೆ. ಒಳಗೆ ಹೋದರೆ ಕಿವಿಗೆ ಹತ್ತಿ ಇಟ್ಟಂತಾಗುತ್ತದೆ. ತಾಳ, ಗೆಜ್ಜೆ ಎಲ್ಲ ಸತ್ತು ಹೋಗಿರುತ್ತವೆ, ಬೇಸ್ ಮಾತ್ರ ಮೊದಲಿನ ಹಾಗೇ ಗುಂಗುಡುತ್ತಿರುತ್ತದೆ. ಅಲ್ಲಿ ಕೂತು ಮಿಕ್ಸ್ ಮಾಡುವವನು ತಾಳವನ್ನು ಏರಿಸುತ್ತಾ ಹೋಗುತ್ತಾನೆ, ಹೊರಗೆ ಕೇಳಿದವರ ಕಿವಿ ಚುಚ್ಚುತ್ತದೆ. ದುಡ್ಡು ಕೊಟ್ಟು ರೂಮನ್ನು ಇನ್ನಷ್ಟು ಕೆಡಿಸಿಕೊಂಡಂತೆ. ಮೊಟ್ಟೆಯ ಟ್ರೇ ಅಂತೂ ಬೇಡವೇ ಬೇಡ. ತೆಳು ರಟ್ಟು, ಬೇಸಿಗೆ ಏನೂ ಮಾಡುವುದಿಲ್ಲ, ಒಂದು ಕಿಡಿ ಬಿದ್ದರೆ ಸಾಕು ಹೊತ್ತಿಕೊಳ್ಳುತ್ತದೆ.

ಕೌದಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಅಜ್ಜಿ ಹಳೆ ಸೀರೆ, ಧೋತರ ಐದಾರು ಪದರ ಸೇರಿಸಿ ಹೊಲಿದ ಕೌದಿಯನ್ನು ಗೋಡೆಗೆ ತೂಗುಬಿಟ್ಟರೆ ಚಪ್ಪಾಳೆಯ ಆ ಟ್ರರ್ರ್ ನಿಲ್ಲುತ್ತದೆ. ಗೋಡೆಗೆ ತಾಗಿಸದೆ ಅರ್ಧ ಅಡಿ ಮುಂದೆ ತೂಗಿದರೆ ಇನ್ನೂ ಒಳ್ಳೆಯದು. ಹಾಡುವವರನ್ನು ರೆಕಾರ್ಡ್ ಮಾಡುವಾಗ ಅವರ ಹಿಂದೆ ಎರಡು ಕೌದಿ ಇಳಿಬಿಟ್ಟರೆ ದನಿ ಎಷ್ಟು ಹತ್ತಿರ ಬರುತ್ತದೆ ನೋಡಿ. ಮಿಕ್ಸಿಂಗಿಗೆ ಮಾತ್ರ ಅದು ಸಾಲದು. ನಾಲ್ಕೈದು ಇಂಚಿನ ಹತ್ತಿ ಗಾದಿ ಅದಕ್ಕಿಂತ ಎಷ್ಟೋ ಮೇಲು. ದುಡ್ಡಿಲ್ಲದ ದಿನಗಳಲ್ಲಿ ನಾನು ಹಿಂದಿನ ಎರಡು ಮೂಲೆಗಳಲ್ಲಿ ಎರಡು ಗಾದಿಗಳನ್ನು ಮೂಲೆಗೆ ಅಡ್ಡವಾಗಿ ನಿಲ್ಲಿಸಿದ್ದೆ. ಡೊಳ್ಳಿನ ಬಾಲ ಚಿಕ್ಕದಾದದ್ದು ಅವತ್ತೇ ಕೇಳಿತು. ಹತ್ತಿ ಬೇಗ ಹೊತ್ತಿಕೊಳ್ಳುತ್ತದೆ, ಅದಕ್ಕೇ ಆ ರೂಮಿನಲ್ಲಿ ಊದಿನಕಡ್ಡಿ, ದೀಪ ಬೇಡ.

ಸರಿಯಾಗಿ ಮಾಡುವುದಾದರೆ ರಾಕ್‌ವುಲ್. ಕಲ್ಲನ್ನು ಕರಗಿಸಿ ಎಳೆ ಮಾಡಿದ ಉಣ್ಣೆ ಅದು. ಕುಡಿತಿನಿಯ ವಿದ್ಯುತ್ ಸ್ಥಾವರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ರಾಯಚೂರಿನ ಶಕ್ತಿನಗರದಂಥ ಕಡೆ ಕೆಲಸ ಮಾಡುವವರಿಗೆ ಇದು ಹೊಸದಲ್ಲ, ಬಿಸಿ ಪೈಪಿಗೆ, ಬಾಯ್ಲರಿಗೆ ಸುತ್ತುವುದು ಇಂಥ ಉಣ್ಣೆಯನ್ನೇ. ಬೆಂಕಿ ಹತ್ತುವುದಿಲ್ಲ. ಫಾಲ್ಸ್ ಸೀಲಿಂಗ್, ಎಸಿ ಡಕ್ಟ್ ಕೆಲಸ ಮಾಡುವವರನ್ನು ಕೇಳಿದರೆ ತರಿಸಿಕೊಡುತ್ತಾರೆ. ಎರಡು ಇಂಚು ದಪ್ಪ, ಘನ ಮೀಟರಿಗೆ 48 ಕಿಲೋ ತೂಕದ ಹಾಳೆ ಕೇಳಿ. ಎರಡು ಹಾಳೆ ಒಂದರ ಮೇಲೊಂದು ಇಟ್ಟರೆ ನಾಲ್ಕು ಇಂಚು. ಬಡಿಗೇರರಿಂದ ನಾಲ್ಕು ಇಂಚಿನ ಪಟ್ಟಿಯಲ್ಲಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಚೌಕಟ್ಟು ಮಾಡಿಸಿ ಒಳಗೆ ಕೂರಿಸುವುದು, ಇದೇ ಪ್ಯಾನೆಲ್. ಚೌಕಟ್ಟಿನ ಹಿಂದೆ ಹಲಗೆ ಬಡಿಸಬೇಡಿ, ಬರೀ ಬಟ್ಟೆ ಸಾಕು. ಕೆಲಸ ಮಾಡುವಾಗ ಉದ್ದ ತೋಳಿನ ಅಂಗಿ, ಕೈಗವಸು, ಮೂಗಿಗೆ ಮಾಸ್ಕ್ ಬೇಕೇ ಬೇಕು. ಎಳೆ ಚರ್ಮಕ್ಕೆ ತಾಗಿದರೆ ತುಂಬ ಹೊತ್ತು ತುರಿಸುತ್ತದೆ, ಒಳಗೆ ಎಳೆದುಕೊಳ್ಳುವುದಂತೂ ಒಳ್ಳೆಯದಲ್ಲ. ಅದಕ್ಕೇ ಮೊದಲು ತೆಳು ಬಟ್ಟೆಯಲ್ಲಿ ಪೂರ್ತಿ ಸುತ್ತಿ.

ಮೇಲಿನ ಹೊದಿಕೆಗೆ ನಾನು ಬಳಸಿದ್ದು ಗೋಣಿಚೀಲದ ಬಟ್ಟೆ. ಭತ್ತದ ಸೀಮೆಯವರಾದ ನಮಗೆ ಗೋಣಿಗೆ ಬರವಿಲ್ಲ. ಸಿಂಧನೂರು, ಗಂಗಾವತಿ ಕಡೆ ರೈಸ್ ಮಿಲ್ಲಿನಲ್ಲಿ ಯಾರಾದರೂ ಪರಿಚಯದವರಿದ್ದರೆ ಕೇಳುವುದೇ ಬೇಡ. ಹೊಲಿಗೆ ಬಿಚ್ಚಿ, ಎರಡು ಸಲ ಒಗೆದು, ಬಳ್ಳಾರಿ ಬಿಸಿಲಲ್ಲಿ ಅರ್ಧ ದಿನ ಒಣಗಿಸಿದೆ. ಒಗೆಯದೆ ಹಾಕಿದರೆ ಕಾಳಿನ ವಾಸನೆಗೆ ಇಲಿ ಬರುತ್ತದೆ. ಯಾವ ಬಟ್ಟೆ ಆದೀತು ಎಂದು ನೋಡಲು ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಉಸಿರು ಸಲೀಸಾಗಿ ದಾಟಿದರೆ ಶಬ್ದವೂ ದಾಟುತ್ತದೆ. ಗೋಣಿಯಲ್ಲಿ ಉಸಿರು ತಡೆಯಿಲ್ಲದೆ ಹೋಗುತ್ತದೆ. ರೆಕ್ಸಿನ್‌ನಲ್ಲಿ ಹೋಗುವುದೇ ಇಲ್ಲ.

ಪ್ಯಾನೆಲ್ ಇಡುವ ಜಾಗಕ್ಕಿಂತ ಮೊದಲು ನಾವು ಕೂರುವ ಜಾಗ. ಇದಕ್ಕೆ ಖರ್ಚಿಲ್ಲ. ರೂಮಿನ ಉದ್ದಕ್ಕೆ ಮುಖ ಮಾಡಿ, ಎಡ ಬಲ ಗೋಡೆಗಳಿಂದ ಸಮ ದೂರದಲ್ಲಿ ಕೂರಿ. ಎದುರು ಗೋಡೆಯಿಂದ ಉದ್ದದ ನೂರಕ್ಕೆ 38ರಷ್ಟು ದೂರದಲ್ಲಿ ಕಿವಿ ಇರಲಿ ಎಂಬುದು ಸ್ಟುಡಿಯೊದವರು ಮೊದಲು ಪ್ರಯತ್ನಿಸುವ ಲೆಕ್ಕ. ನನ್ನ 12 ಅಡಿಗೆ ಅದು ನಾಲ್ಕೂವರೆ ಅಡಿ. ಅಲ್ಲಿಂದ ಅರ್ಧ ಅಡಿ ಹಿಂದೆ ಮುಂದೆ ಮಾಡಿ ನೋಡಬೇಕು. ನಾನು ಕುರ್ಚಿಯನ್ನು ನಡುವಿನಿಂದ ಒಂದೂವರೆ ಅಡಿ ಮುಂದೆ ಎಳೆದ ದಿನವೇ ಕಳೆದುಹೋಗಿದ್ದ ಡೊಳ್ಳು ಅರ್ಧ ವಾಪಸ್ ಬಂತು. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಲಿ. ಸ್ಪೀಕರಿನ ಮುಖ ಅದರ ಬೆನ್ನ ಹಿಂದಿನ ಗೋಡೆಯಿಂದ ಮೂರು ಅಡಿ ದೂರವಿದ್ದರೆ, ಆ ಗೋಡೆಗೆ ಬಡಿದು ಬಂದ ಅಲೆ 94 ಹರ್ಟ್ಸ್ ಸುತ್ತ ನೇರ ಅಲೆಯನ್ನು ಹೊಡೆದು ಹಾಕುತ್ತದೆ. ಗೋಡೆಗೆ ಹತ್ತಿರ ತಂದು ದೂರವನ್ನು ಒಂದು ಅಡಿ ಮಾಡಿದರೆ ಈ ಗುಂಡಿ, ಅಂದರೆ ಸ್ವರ ಕುಸಿಯುವ ಜಾಗ, 280ರ ಕಡೆಗೆ ಏರುತ್ತದೆ, ಅಲ್ಲಿ ಅದನ್ನು ನಾಲ್ಕು ಇಂಚಿನ ಪ್ಯಾನೆಲ್ ತುಂಬಿಸಬಲ್ಲದು. ಸಣ್ಣ ರೂಮಿನಲ್ಲಿ ಸ್ಪೀಕರನ್ನು ಗೋಡೆಯಿಂದ ದೂರ ಇಡಿ ಎನ್ನುವ ಮಾತು ಎಲ್ಲ ಸಲ ಸರಿಯಲ್ಲ.

ಆಮೇಲೆ ಮೂಲೆಗಳು. ಎರಡು ಅಡಿ ಅಗಲದ ಪ್ಯಾನೆಲನ್ನು ಮೂಲೆಗೆ ಅಡ್ಡ ನಿಲ್ಲಿಸಿದರೆ ಅದರ ಹಿಂದೆ ನಡುವೆ ಒಂದು ಅಡಿ ಆಳ ಸಿಗುತ್ತದೆ. ಆ ಖಾಲಿ ಜಾಗಕ್ಕೂ ರಾಕ್‌ವುಲ್ ತುಂಬಿದರೆ ಇನ್ನೂ ಕೆಳಗಿನ ಸ್ವರಕ್ಕೆ ಇಳಿಯುತ್ತದೆ. ನಾಲ್ಕು ಮೂಲೆಗೂ ನೆಲದಿಂದ ಛಾವಣಿಯವರೆಗೆ ಆದರೆ ಒಳ್ಳೆಯದು. ನನಗೆ ಬಾಗಿಲ ಮೂಲೆ ಬಿಟ್ಟು ಮೂರು ಸಿಕ್ಕವು. ಬೀರನ್ನು ಕೆಳಗಿನ ಮನೆಗೆ ಸಾಗಿಸಿದೆ. ಒಂದು ಮಾತು ಮಾತ್ರ ನೇರವಾಗಿ ಹೇಳಬೇಕು: 47 ಹರ್ಟ್ಸ್‌ನ ಕಾಲು ಅಲೆಯೇ ಆರು ಅಡಿ. ಅದನ್ನು ಪೂರ್ತಿ ಹೀರುವ ಪ್ಯಾನೆಲ್ ಇಟ್ಟರೆ ನಮಗೆ ಕೂರಲು ಜಾಗ ಇರುವುದಿಲ್ಲ. ಮೂಲೆಯ ಪ್ಯಾನೆಲ್ ಆ ಜೋಲಿಯನ್ನು ಬೇಗ ನಿಲ್ಲಿಸುತ್ತದೆ, ಗುಂಡಿಯ ಆಳ ಕಮ್ಮಿ ಮಾಡುತ್ತದೆ. ಉಳಿದದ್ದನ್ನು ಕೂರುವ ಜಾಗದಿಂದ, ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ ನೋಡುವುದರಿಂದ ನಿಭಾಯಿಸಬೇಕು. ಈಕ್ಯೂ ಸ್ವರ ಜೋರಾಗುವ ಗುಡ್ಡವನ್ನು ತಗ್ಗಿಸಬಹುದು, ಗುಂಡಿಯನ್ನು ತುಂಬಲಾರದು. ಗುಂಡಿಯಲ್ಲಿ ನೀವು ಎಷ್ಟು ಸುರಿದರೂ ಗೋಡೆಯಿಂದ ಬರುವುದೂ ಅಷ್ಟೇ ಏರಿ ಅದನ್ನು ಕೊಲ್ಲುತ್ತದೆ.

ಪಕ್ಕದ ಗೋಡೆಗಳಿಗೆ ಕನ್ನಡಿ ಉಪಾಯ ಇದೆ. ನೀವು ಕುರ್ಚಿಯಲ್ಲಿ ಕೂರಿ. ಇನ್ನೊಬ್ಬರು ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತಾ ಹೋಗಲಿ. ಯಾವ ಜಾಗದಲ್ಲಿ ಕನ್ನಡಿಯಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲಿ ಒಂದು ಪ್ಯಾನೆಲ್. ಗೋಡೆಯಿಂದ ನಾಲ್ಕು ಇಂಚು ಬಿಟ್ಟು ತೂಗಿ, ಅದೇ ಪ್ಯಾನೆಲ್ ಎಂಟು ಇಂಚಿನದರ ಹತ್ತಿರ ಕೆಲಸ ಮಾಡುತ್ತದೆ. ಬೆನ್ನ ಹಿಂದಿನ ಗೋಡೆಗೆ ಸಿಕ್ಕಷ್ಟು ದಪ್ಪ ಇರಲಿ.

ಛಾವಣಿಗೂ ಇದೇ ಬೇಕು, ಆದರೆ ಅಲ್ಲಿ ನಮಗೆ ಫ್ಯಾನ್ ಇದೆ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನಲ್ಲಿ ಫ್ಯಾನ್ ತೆಗೆಯಿರಿ ಎಂದು ಯಾರಿಗೂ ಹೇಳಲಾರೆ. ಪ್ಯಾನೆಲನ್ನು ಫ್ಯಾನಿಗಿಂತ ಮುಂದೆ, ಸ್ಪೀಕರಿಗೂ ನಿಮಗೂ ನಡುವಿನ ಛಾವಣಿಯಲ್ಲಿ, ಗಟ್ಟಿ ಕೊಕ್ಕೆಗೆ ತೂಗುಬಿಡಿ. ತಲೆ ಮೇಲೆ ತೂಗುವ ವಸ್ತು, ಕೊಕ್ಕೆಯಲ್ಲಿ ಉಳಿತಾಯ ಮಾಡಬೇಡಿ. ಕೂಲರ್ ಹಾಗೂ ಫ್ಯಾನ್ ಹಾಕಿ ದಿನವೆಲ್ಲ ಕೆಲಸ ಮಾಡಿ, ತೀರ್ಮಾನ ಮಾಡುವ ಹತ್ತು ನಿಮಿಷ ಮಾತ್ರ ಆರಿಸಿ. ಬಿಸಿಗೆ ಶಬ್ದದ ವೇಗವೂ ಸ್ವಲ್ಪ ಏರುತ್ತದೆ, 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದದ್ದು 40ರಲ್ಲಿ 355 ಆಗುತ್ತದೆ. ಮೋಡ್‌ಗಳು ಒಂದೆರಡು ಹರ್ಟ್ಸ್ ಸರಿಯುತ್ತವೆ ಅಷ್ಟೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇಷ್ಟೆಲ್ಲ ಮಾಡಿದರೂ ಪಕ್ಕದ ಮನೆಯವರಿಗೆ ನಿಮ್ಮ ಹಾಡು ಮೊದಲಿನಷ್ಟೇ ಕೇಳುತ್ತದೆ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ರೂಮಿನೊಳಗಿನ ಶಬ್ದವನ್ನು ಸರಿ ಮಾಡುವುದು ಬೇರೆ, ಹೊರಗೆ ಹೋಗದಂತೆ ತಡೆಯುವುದು ಬೇರೆ. ತಡೆಯಲು ಭಾರವಾದ ಗೋಡೆ ಬೇಕು, ಗಾಳಿ ನುಸುಳದ ಬಾಗಿಲು ಬೇಕು. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿದರೆ ಸ್ವಲ್ಪ ಕಮ್ಮಿಯಾಗುತ್ತದೆ.

ಕೆಲಸ ಆಯಿತೋ ಇಲ್ಲವೋ ಎಂದು ನೋಡಲು ರೂಮ್ ಈಕ್ಯೂ ವಿಝರ್ಡ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಒಂದು ಅಳತೆಯ ಮೈಕ್ ಸಿಕ್ಕರೆ ಕಿವಿಯ ಜಾಗದಲ್ಲಿಟ್ಟು ಕೆಳಗಿನಿಂದ ಮೇಲಿನವರೆಗೆ ಒಂದು ಉದ್ದನೆಯ ಸ್ವರ ಓಡಿಸುತ್ತದೆ, ಗುಡ್ಡ ಗುಂಡಿ ಎಲ್ಲ ಗೆರೆಯಲ್ಲಿ ತೋರಿಸುತ್ತದೆ. ಯಾವ ಸ್ವರ ಎಷ್ಟು ಹೊತ್ತು ಆರದೆ ಉಳಿಯುತ್ತದೆ ಎಂಬ ಚಿತ್ರವನ್ನೂ ನೋಡಿ, ಅದು ಇನ್ನೂ ಮುಖ್ಯ. ಮೈಕ್ ಇಲ್ಲದಿದ್ದರೂ ನಡೆಯುತ್ತದೆ. ಬೇಕಾದ ಹರ್ಟ್ಸ್‌ನ ಸ್ವರ ನುಡಿಸುವ ಟೋನ್ ಜನರೇಟರಿನಲ್ಲಿ 40ರಿಂದ 120 ಹರ್ಟ್ಸ್‌ವರೆಗೆ ಎರಡೆರಡು ಏರಿಸುತ್ತಾ ಸಣ್ಣ ದನಿಯಲ್ಲಿ ನುಡಿಸಿ, ಯಾವುದು ಜೋರು, ಯಾವುದು ಮಾಯ ಎಂದು ಕಾಗದದಲ್ಲಿ ಬರೆದುಕೊಳ್ಳಿ. ಪ್ಯಾನೆಲ್ ಇಡುವ ಮೊದಲು ಒಂದು ಸಲ, ಇಟ್ಟ ಮೇಲೆ ಒಂದು ಸಲ.

ಎಲ್ಲ ಮುಗಿದ ಮೇಲೆ ಒಂದು ವಾರ ಹೊಸ ಕೆಲಸ ಹಿಡಿಯಬೇಡಿ. ವರ್ಷಗಟ್ಟಲೆ ಗುಂಗಿಗೆ ಒಗ್ಗಿದ ಕಿವಿಗೆ ಮೊದಲ ದಿನ ರೂಮು ಬಡವಾದಂತೆ ಕೇಳುತ್ತದೆ, ಕೈ ತಾನೇ ಬೇಸ್ ಏರಿಸಲು ಹೋಗುತ್ತದೆ. ನೀವು ಬಾಯಿಪಾಠ ಬರುವಷ್ಟು ಕೇಳಿರುವ ಹಾಡುಗಳನ್ನು ಅಲ್ಲಿ ಸುಮ್ನೆ ಕೂತು ಕೇಳಿ. ಮೂರನೆಯ ದಿನವೋ ನಾಲ್ಕನೆಯ ದಿನವೋ ಆ ಹಾಡಿನಲ್ಲಿ ಇಷ್ಟು ದಿನ ಕೇಳದ ಒಂದು ತಬಲಾ ಎಡ ಮೂಲೆಯಲ್ಲಿ ಕೇಳುತ್ತದೆ. ಆಗ ಹಳೆಯ ಡೊಳ್ಳಿನ ಪದದ ಫೈಲ್ ತೆರೆಯಿರಿ. ನಾನು ತೆರೆದಾಗ 60 ಹರ್ಟ್ಸ್ ಸುತ್ತ ಹಾಕಿದ್ದ ಆ ಏರಿಕೆಯನ್ನು ತೆಗೆದೆ, ಡೊಳ್ಳಿನ ಫೇಡರನ್ನು ಕೆಳಗೆ ತಂದೆ, ಮತ್ತೆ ಮೇಳದವರ ಗಾಡಿಗೆ ಒಯ್ದೆ. ಹಿರಿಯರು ಈ ಸಲ ಕಣ್ಣು ಮುಚ್ಚಿ ಪದ ಮುಗಿಯುವವರೆಗೆ ಕೇಳಿದರು.